ಹಾಲಕ್ಕನ ಅಡುಗೆಮನೆ ಗೋಡೆ

ಊರ ಹೆಂಗಸರು ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿದರೆ ಹಾಲಕ್ಕ ಇದ್ದಿಲ ಚೂರು ಸಿಕ್ಕಿಸಿಕೊಳ್ಳುತ್ತಿದ್ದಳು. ಕೊಟ್ಟೂರಿನ ಬಳಿಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಗರ್ಭಿಣಿಯರ ಮಧ್ಯಾಹ್ನದ ಬಿಸಿಯೂಟ ಅವಳದೇ ಕೈಯಡುಗೆ. ಆ ಊಟಕ್ಕೆ ಹೆಚ್ಚಿನವರು ಬರುತ್ತಿರಲಿಲ್ಲ. ಯಾಕೆಂದು ತಿಳಿದು ಬರಲು ಸಂಶೋಧನಾ ತಂಡವೊಂದು ಕೂಡ್ಲಿಗಿಯವಳಾದ ನನ್ನನ್ನು ಕಳಿಸಿತ್ತು.

ನನ್ನ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ: "ಮನ್ಯಾಗ ಉಣ್ತೀವ್ರಿ." ಹಾಲಕ್ಕ ನಕ್ಕು ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. ಗೋಡೆ ತುಂಬ ಇದ್ದಿಲ ಗುರುತು, ಒಬ್ಬೊಬ್ಬ ಬಸುರಿಗೆ ಒಂದೊಂದು ಸಾಲು. ಕುಡುಗೋಲು ಬರೆದಿದ್ದರೆ ಅವತ್ತು ಕೂಲಿಗೆ ಹೋಗಿದ್ದಾಳೆ. ದೊಡ್ಡ ಬೊಟ್ಟಿದ್ದರೆ ಅತ್ತೆ ಬಿಟ್ಟಿಲ್ಲ!

"ಇದನ್ನ ಯಾರು ಕಲಿಸಿದ್ರು ಅಕ್ಕ?"

"ಯಾರ್ ಕಲಿಸ್ತಾರ ತಂಗಿ? ಅಡಗಿ ಮಾಡಿದಾಕಿಗೆ ಯಾರು ಉಣ್ಲಿಲ್ಲ, ಯಾಕ ಉಣ್ಲಿಲ್ಲ ಅಂತ ಗೊತ್ತಾಗಬೇಕಲ್ಲ."

ಗೋಡೆಯಲ್ಲಿ ಕುಡುಗೋಲುಗಳೇ ಹೆಚ್ಚು. ಊಟ ಬೇಡವಾಗಿರಲಿಲ್ಲ, ಹೊತ್ತು ಸರಿಯಿರಲಿಲ್ಲ. ಆದರೆ ಮೇಲಿನವರು ಊಟ ನಿಲ್ಲಿಸಿ ಮನೆಗೇ ಅಕ್ಕಿಬೇಳೆ ಕೊಡುವ ಯೋಚನೆಯಲ್ಲಿದ್ದರು. ಹಾಲಕ್ಕನಿಗೆ ಅದೇ ದಿಗಿಲು. "ಮನಿಗೆ ಹೋದ ಬ್ಯಾಳಿ ಎಲ್ಲಾರ ಗಂಗಾಳಕ್ಕೂ ಬೀಳ್ತೈತಿ. ಬಸುರಿ ಉಣ್ಣಾಕ ಕುಂದ್ರೋದು ಎಲ್ಲಾರ ಕಡೀಗೆ."

ಗೋಡೆ ತೋರಿಸಲೆಂದು ಅಧಿಕಾರಿಗಳನ್ನು ಕರೆತಂದೆ. ನೋಡಿದರೆ ಗೋಡೆ ಅಚ್ಚಬಿಳುಪು!

"ಸಾಹೇಬ್ರು ಬರ್ತಾರಂತ ಮುಂಜಾನೆದ್ದು ಸುಣ್ಣ ಹಚ್ಚೀನ್ರಿ," ಎಂದಳು ಹೆಮ್ಮೆಯಿಂದ.

ಫೋಟೊ ತೆಗೆದಿಡುವ ಬುದ್ಧಿಯೂ ನನಗೆ ಬಂದಿರಲಿಲ್ಲ. ಹಾಲಕ್ಕ ಮಾತ್ರ ಬಿಳಿಗೋಡೆಯ ಮೇಲೆ ಬೆರಳಾಡಿಸುತ್ತ ಹೆಸರು, ದಿನ, ಕಾರಣ ಎಲ್ಲ ಹೇಳುತ್ತಾ ಹೋದಳು. ನಂಬದ ಸಾಹೇಬರು ಮನೆಮನೆಗೆ ಹೋಗಿ ವಿಚಾರಿಸಿದರು. ಒಂದೂ ತಪ್ಪಿರಲಿಲ್ಲ. ಮುಂದಿನ ತಿಂಗಳಿಂದ ಊಟ ಬೆಳಿಗ್ಗೆಗೆ ಬಂತು, ಕೂಲಿಗೆ ಹೊರಡುವ ಮುಂಚೆ.

ವರದಿ ಅಚ್ಚಾದಾಗ ಅವಳಿಗೊಂದು ಪ್ರತಿ ಒಯ್ದೆ. ಹಡಗಲಿ, ಹರಪನಹಳ್ಳಿ ಕಡೆಗೂ ಬೆಳಗಿನ ಊಟ ಬರುತ್ತದೆ ಎಂದೆ. ಅವಳಿಗೆ ಓದು ಬಾರದು. ಆದರೂ ಪುಟ ತಿರುವಿದಳು.

"ನಮ್ಮ ಹುಡಿಗ್ಯಾರ ಹೆಸರು ಎಲ್ಲೈತಿ ತಂಗಿ?"

"ಹೆಸರು ಹಾಕಂಗಿಲ್ಲ ಅಕ್ಕ. ಬರೀ ಅಂಕಿ."

"ಹೌದಾ," ಎಂದು ಪುಸ್ತಕ ಮಡಚಿಟ್ಟು ಚಹಾಕ್ಕೆ ಎದ್ದಳು. ನನಗೆ ಯಾಕೋ ನಾಚಿಕೆಯಾಯಿತು. ಅದೇ ಕೊನೆಯ ಭೇಟಿ. ಮಳೆಗಾಲದಲ್ಲಿ ಹಾಲಕ್ಕ ತೀರಿಕೊಂಡಳು.

ಮೊನ್ನೆ ಬೆಳಿಗ್ಗೆ ಆ ಅಂಗನವಾಡಿಗೆ ಹೋಗಿದ್ದೆ. ಬಸುರಿಯರು ಸಾಲಾಗಿ ಕೂತು ಉಣ್ಣುತ್ತಿದ್ದರು. ಒಂದು ತಟ್ಟೆಯ ಮುಂದೆ ಯಾರೂ ಇರಲಿಲ್ಲ. ಯಾರದು, ಯಾಕೆ ಬಂದಿಲ್ಲ ಎಂದು ಕೇಳಿದೆ. ಹೊಸ ಸಹಾಯಕಿ ರಿಜಿಸ್ಟರ್ ಹುಡುಕತೊಡಗಿದಳು.