ಸಮುದ್ರಕ್ಕೂ ಸೀಸನ್ ಇದೆಯಂತೆ!

ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಲಾಡ್ಜಿನ ನಾಲ್ಕನೇ ನಂಬರ್ ರೂಮಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ರಿಜಿಸ್ಟರ್ ತೆಗೆದು ನೋಡಿದರೆ ಯಾರ ಹೆಸರೂ ಇಲ್ಲ. ಜೂನ್ ತಿಂಗಳ ಊಟಿಗೆ ಯಾರು ತಾನೇ ಬರುತ್ತಾರೆ? ಬಾಗಿಲು ತಟ್ಟಿದೆ. ಒಳಗಿನಿಂದ ದನಿ ಬಂತು.

“ಯಾರದು? ಕಾಫಿ ತಂದಿದ್ದೀರಾ?”

ನಮ್ಮ ಅತ್ತೆ!

ಅವರು ಅಲ್ಲಿಗೆ ಹೇಗೆ ಸೇರಿಕೊಂಡರು ಅಂತ ಹೇಳುವ ಮೊದಲು ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು. (ಪ್ರತಿ ವಾರ ಈ ಅಂಕಣ ಓದುವವರು ಒಂದು ಪ್ಯಾರಾ ಹಾರಿಸಿಕೊಳ್ಳಬಹುದು. ಕೋಪವಿಲ್ಲ.) ನಮ್ಮ ಮಾವ ಗುಂಡ್ಲುಪೇಟೆಯಿಂದ ಆಲೂಗಡ್ಡೆ ವ್ಯಾಪಾರಕ್ಕೆಂದು ಬೆಟ್ಟ ಹತ್ತಿದವರು. ಆಲೂಗಡ್ಡೆ ಕೈ ಹತ್ತಲಿಲ್ಲ. ಮನೆಯ ಮುಂಭಾಗಕ್ಕೆ ಎಂಟು ರೂಮು ಕಟ್ಟಿ ಬೋರ್ಡು ತೂಗುಹಾಕಿದರು. ಅಂದಿನಿಂದ ಎಂಟು ರೂಮು ಮುಂದೆ, ನಾವು ಹಿಂದೆ. ಕಿಟಕಿ ತೆಗೆದರೆ ಬೆಟ್ಟ ಕಾಣುವುದು ಅವರಿಗೆ, ಬಾಯ್ಲರ್ ಹೊಗೆ ಕಾಣುವುದು ನಮಗೆ.

ಈ ಮನೆಗೆ ಹದಿನೇಳನೇ ವಯಸ್ಸಿಗೆ ಬಂದ ಅತ್ತೆಗೆ ಈಗ ಅರವತ್ತೆಂಟು. ಬಂದ ಮೊದಲ ಚಳಿಗಾಲಕ್ಕೇ ಕಾಲ್ಬೆರಳೆಲ್ಲ ಊದಿ ಕೆಂಪಾದವಂತೆ. ಆವತ್ತು ಹಾಕಿದ ಉಣ್ಣೆಯ ಕಾಲುಚೀಲ ಸ್ನಾನದ ಹೊತ್ತು ಬಿಟ್ಟರೆ ಮೊನ್ನೆಯವರೆಗೂ ಬಿಚ್ಚಿರಲಿಲ್ಲ. ಅವರಿಗೆ ಇರುವುದು ಒಂದೇ ಆಸೆ. ಬೆಚ್ಚಗಿನ ಮರಳಿನ ಮೇಲೆ ಬರಿಗಾಲಲ್ಲಿ ನಡೆಯಬೇಕು, ಬೆಚ್ಚಗಿನ ಸಮುದ್ರದಲ್ಲಿ ಕಾಲಿಡಬೇಕು. ಬಂಗಾರ ಕೇಳಿದವರಲ್ಲ, ರೇಷ್ಮೆ ಕೇಳಿದವರಲ್ಲ.

ಮಾವ ಪ್ರತಿ ವರ್ಷ ಹೇಳುತ್ತಿದ್ದರಂತೆ: “ಈ ಸೀಸನ್ ಒಂದು ಮುಗುದೋಗ್ಲಿ, ಸಮುದ್ರ ತೋರುಸ್ತೀನಿ.”

ಸೀಸನ್ ಮುಗಿಯುತ್ತಿತ್ತು. ಸಮುದ್ರ ಮಾತ್ರ ಬರುತ್ತಿರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಏಳನೇ ನಂಬರಿನ ಪಾರ್ಟಿ ಒಂದು ಪುಸ್ತಕ ಬಿಟ್ಟುಹೋಯಿತು. (ಲಾಡ್ಜಿನವರ ಬಾಯಲ್ಲಿ ಬಂದವರೆಲ್ಲ ಪಾರ್ಟಿಯೇ. ಒಬ್ಬನೇ ಬಂದರೂ ಪಾರ್ಟಿ.) ನುಣುಪು ಕಾಗದದ ಕಲರ್ ಪುಸ್ತಕ, ಪುಟಪುಟಕ್ಕೂ ಲಕ್ಷದ್ವೀಪ. ಮಧ್ಯದ ಪುಟದಲ್ಲಿ ಉದ್ದಕ್ಕೆ ಬಾಗಿದ ತೆಂಗಿನಮರ, ಅದರ ಕೆಳಗೆ ನೀರು. ಆ ನೀಲಿಯನ್ನು ಏನೆಂದು ಹೇಳಲಿ? ಗ್ಯಾಸ್ ಸ್ಟೌ ಸಣ್ಣಗೆ ಉರಿಯುವಾಗ ಬರುತ್ತದಲ್ಲ, ಆ ನೀಲಿ.

“ಅದೆಲ್ಲ ಪ್ರಿಂಟಿಂಗ್‌ನಲ್ಲಿ ಬಣ್ಣ ಹಾಕಿರ್ತಾರೆ ಅವ್ವಾ” ಅಂದರು ನಮ್ಮವರು.

ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. “ಹಾಕಿರ್ಲಿ ಬುಡು. ಅದ್ರಲ್ಲಿ ಅರ್ಧ ಇದ್ರೂ ಸಾಕು ಕನ.”

ಅವತ್ತು ಸಂಜೆ ಅವರು ಮಂಚದ ಕೆಳಗಿನಿಂದ ಒಂದು ಟ್ರಂಕು ಎಳೆದರು. ಇಪ್ಪತ್ತು ವರ್ಷದಿಂದ ಈ ಮನೆಯ ಸೊಸೆ ನಾನು, ಅದರೊಳಗೆ ಏನಿದೆ ಅಂತ ಗೊತ್ತಿರಲಿಲ್ಲ. ನಮ್ಮ ಲಾಡ್ಜಿನಲ್ಲಿ ಮಾವನ ಕಾಲದಿಂದಲೂ ಒಂದು ಪದ್ಧತಿ. ಪಾರ್ಟಿಗಳು ಮರೆತುಹೋದ ಸಾಮಾನಿಗೆ ರೂಮ್ ನಂಬರಿನ ಚೀಟಿ ಕಟ್ಟಿ ಒಂದು ವರ್ಷ ಕಾಯಬೇಕು. ಕಾಗದ ಬರೆದು ಕೇಳಿದರೆ ಕಳಿಸಬೇಕು. ಕೇಳದಿದ್ದರೆ ನಮ್ಮದು. ಕೊಡೆ, ಬಾಚಣಿಗೆ, ಒಂಟಿ ಕೈಗವಸು ಎಲ್ಲ ಸಿಗುತ್ತವೆ. (ಒಮ್ಮೆ ಹಲ್ಲಿನ ಸೆಟ್ಟೇ ಸಿಕ್ಕಿತ್ತು! ಅದನ್ನು ಮಾತ್ರ ಯಾರೂ ನಮ್ಮದು ಅನ್ನಲಿಲ್ಲ.)

ಹಾಗೆ ಉಳಿದ ಸಾಮಾನಿನಲ್ಲಿ ಅತ್ತೆ ಸದ್ದಿಲ್ಲದೆ ಒಂದೊಂದೇ ಆರಿಸಿಟ್ಟಿದ್ದರು. ಹುಲ್ಲಿನ ಟೋಪಿ. ಕಪ್ಪು ಕನ್ನಡಕ. ಬಿಸಿಲಿಗೆ ಹಚ್ಚುವ ಕ್ರೀಮು, ಮುಕ್ಕಾಲು ಖಾಲಿ. ನೀಲಿ ಹವಾಯಿ ಚಪ್ಪಲಿ, ಎಡಗಾಲಿನದು ಆರು ನಂಬರ್, ಬಲಗಾಲಿನದು ಏಳು. ಒಂದು ಹಳದಿ ಟವೆಲ್, ಮೇಲೆ ಮೀನಿನ ಚಿತ್ರ. ಎಲ್ಲಕ್ಕೂ ಚೀಟಿ ಹಾಗೇ ಇತ್ತು. ಹಳೆಯದು ಯಾವುದು ಅಂತ ಕೇಳಿದೆ. ಟೋಪಿಯಂತೆ. ಮಾವ ಇದ್ದಾಗಿನದು. ನಾನು ಟೋಪಿಯ ಧೂಳು ಒರೆಸಿದೆ.

ಈ ಸಲ ಕರೆದುಕೊಂಡು ಹೋಗಲೇಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಅತ್ತೆಯ ಮಂಡಿ ಈಗಲೇ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಇನ್ನೆರಡು ವರ್ಷ ಬಿಟ್ಟರೆ ಹಡಗಿನ ಏಣಿ ಹತ್ತಲು ಆಗುತ್ತದೋ ಇಲ್ಲವೋ. ಆಮೇಲೆ ಆ ಟ್ರಂಕನ್ನು ನೋಡಿಕೊಂಡು ನಾನು ಬದುಕಬೇಕಲ್ಲ?

ಯಾವಾಗ ಹೋಗುವುದು? ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಜೂನ್, ಇನ್ನೇನು? ಏಪ್ರಿಲ್, ಮೇ ಎರಡು ತಿಂಗಳು ಬೆನ್ನು ಬಾಗಿಸಿ ಬಿಸಿನೀರು ಹೊರುತ್ತೇವೆ. ಜೂನ್ ಬಂತೆಂದರೆ ಆಫ್ ಸೀಸನ್. ಮದುವೆ, ಹಲ್ಲು ಕೀಳಿಸುವುದು, ತವರುಮನೆ, ಕಣ್ಣಿನ ಆಪರೇಷನ್, ಊಟಿಯವರು ಇಟ್ಟುಕೊಳ್ಳುವುದೆಲ್ಲ ಆಗಲೇ.

ತೀರ್ಮಾನವಾದ ಮೇಲಿನ ಆ ಮೂರು ವಾರ ಎಷ್ಟು ಚೆನ್ನಾಗಿತ್ತು ಅಂತ ಹೇಗೆ ಬರೆಯಲಿ! ಹೊರಗೆ ನೂಲು ಬಿಟ್ಟಂತೆ ಮಳೆ. ಮಂಜು ಕಾರಿಡಾರಿನೊಳಗೇ ಬಂದು ಓಡಾಡುತ್ತಿತ್ತು. ನಾವು ಸಂಜೆ ಬಾಯ್ಲರಿನ ಪಕ್ಕ ಮಣೆ ಹಾಕಿಕೊಂಡು ಕೂತು, ಬೆಂಕಿಗೆ ಅಂಗೈ ಹಿಡಿದು, ದ್ವೀಪದಲ್ಲಿ ಇರುತ್ತಿದ್ದೆವು. ಗೂಡಲೂರು ಇಳಿದು, ನಾಡುಗಾಣಿ ಘಾಟಿಯಲ್ಲಿ ಕೇರಳಕ್ಕೆ ದಾಟಿ, ಕೊಚ್ಚಿ. ಅಲ್ಲಿಂದ ಹಡಗು. ರಾತ್ರಿ ಕಳೆದು ಬೆಳಗಾದರೆ ಕಲ್ಪೇನಿ ದ್ವೀಪ. ಅತ್ತೆಗೆ ಆ ಹೆಸರು ಹಿಡಿಸಿಬಿಟ್ಟಿತು. ಸೊಪ್ಪು ಬಿಡಿಸುವಾಗಲೂ ಬಾಯಲ್ಲಿ “ಕಲ್ಪೇನಿ, ಕಲ್ಪೇನಿ.”

“ಅಲ್ಲಿ ಮಂಜು ಬರಾಕಿಲ್ವಾ?”

“ಇಲ್ಲ ಅತ್ತೆ.”

“ಬೆಳಗ್ಗೆ ಎದ್ದೇಟಿಗೆ ಬಿಸ್ಲಾ?”

“ಎದ್ದೇಟಿಗೆ ಬಿಸಿಲು.”

“ನೀರು ಕಾಯಿಸ್ದೇನೆ ಬೆಚ್ಚಗಿರ್ತದಾ?” ಇದನ್ನು ಅವರು ದಿನಕ್ಕೆ ಎರಡು ಸಲ ಕೇಳುತ್ತಿದ್ದರು. ಐವತ್ತು ವರ್ಷ ಬೇರೆಯವರಿಗೆ ನೀರು ಕಾಯಿಸಿದವರು ಇನ್ನೇನು ಕೇಳುತ್ತಾರೆ ಹೇಳಿ?

ರೂಮು ಗುಡಿಸಲು ಬರುವ ಬೆಳ್ಳಿಯಕ್ಕ ಈ ಬೆಟ್ಟದ ಬಡಗ ಜನದವರು. ಅವರು ಅವರ ಮಾತಿನಲ್ಲಿ, ನಾವು ನಮ್ಮ ಮಾತಿನಲ್ಲಿ, ಹೇಗೋ ನಡೆಯುತ್ತದೆ. ಅಷ್ಟೊಂದು ನೀರು ನೋಡಬೇಕಾದರೆ ಅವಲಾಂಚ್ ಡ್ಯಾಮಿಗೆ ಹೋದರೆ ಸಾಲದಾ, ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಲ್ಲ ಅಂತ ಕೇಳಿದರು. ಅತ್ತೆ ಎರಡು ದಿನ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಪ್ಯಾಕಿಂಗೂ ಶುರುವಾಯಿತು. ನಾನು ನಾಲ್ವರಿಗೆ ಲೆಕ್ಕ ಹಾಕಿದಂತೆ ಸ್ವೆಟರ್ ಜೋಡಿಸಿದೆ, ಎರಡು ಶಾಲು, ನಮ್ಮವರ ಮಂಕಿ ಕ್ಯಾಪು. (ಹೊರಡುವವರು ಮೂವರೇ!) ಬೆಟ್ಟದವರ ಬುದ್ಧಿ ನೋಡಿ. ಇಡೀ ಬೀರುವಿನಲ್ಲಿ ತೆಳ್ಳಗಿನ ಬಟ್ಟೆ ಅಂತ ಇದ್ದದ್ದು ದೇವರ ಫೋಟೋ ಒರೆಸುವುದೊಂದೇ.

ಟಿಕೆಟ್ ಕೇಳೋಣ ಅಂತ ಕೊನೆಗೆ ಕೊಚ್ಚಿಯ ಒಂದು ಆಫೀಸಿಗೆ ಫೋನ್ ಮಾಡಿದೆ. ಪುಸ್ತಕದ ಹಿಂದೆ ಇದ್ದ ನಂಬರು. ಆ ಕಡೆಯವರು ಮಲಯಾಳ ಬೆರೆಸಿದ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಎಷ್ಟು ಜನ, ಯಾವ ಊರು, ಎಲ್ಲ ಕೇಳಿದರು. ಯಾವಾಗ ಅಂದಾಗ ನಾನು “ಈ ತಿಂಗಳ ಕೊನೆಗೆ” ಅಂದೆ.

ಅವರು ನಕ್ಕರು. ಮಳೆಗಾಲದಲ್ಲಿ ಸಮುದ್ರ ಎದ್ದು ಕೂತಿರುತ್ತದೆ, ಟೂರಿಸ್ಟರನ್ನು ಹಡಗಿಗೆ ಹತ್ತಿಸುವುದಿಲ್ಲ ಅಂದರು. “ಈಗ ಆಫ್ ಸೀಸನ್ ಅಲ್ವಾ ಮೇಡಂ? ಅಷ್ಟೂ ಗೊತ್ತಿಲ್ವಾ?”

ಆಫ್ ಸೀಸನ್! ನನಗೆ! ಜೂನ್ ತಿಂಗಳಲ್ಲಿ ನಮಗೆ ಫೋನ್ ಮಾಡಿದ ಎಷ್ಟು ಜನಕ್ಕೆ ನಾನು ಇದೇ ಮಾತು, ಇದೇ ನಗುವಿನಲ್ಲಿ ಹೇಳಿಲ್ಲ? ನಮ್ಮ ಬೆಟ್ಟಕ್ಕೆ ಬಡಿಯುವ ಮಳೆ ಆ ಸಮುದ್ರವನ್ನು ದಾಟಿಕೊಂಡೇ ಬರಬೇಕು ಅನ್ನುವುದು ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ. ನಮಗೆ ಪುರುಸೊತ್ತಾದಾಗ ಸಮುದ್ರಕ್ಕೂ ಪುರುಸೊತ್ತಿರುತ್ತದೆ ಅಂದುಕೊಂಡಿದ್ದೆವು.

ಅತ್ತೆಗೆ ಹೇಳಿದೆ. ಅವರು “ಹೌದಾ” ಅಂದರು. ಅಷ್ಟೇ. ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದರು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಮಾರನೇ ಬೆಳಿಗ್ಗೆಯೇ ಆ ನಾಲ್ಕನೇ ನಂಬರ್ ಪ್ರಸಂಗ. ಬಾಗಿಲು ತೆಗೆದರು. ಎರಡು ರಗ್ಗು ಹೊದ್ದು, ದಿಂಬಿಗೆ ಒರಗಿ, ಕಿಟಕಿಯ ಪರದೆ ಸರಿಸಿ ಕೂತಿದ್ದರು. ನಾಲ್ಕನೇ ನಂಬರ್ ನಮ್ಮ ಬೆಸ್ಟ್ ರೂಮು. ಕಿಟಕಿಯಲ್ಲಿ ಕಣಿವೆ, ಅದರಾಚೆ ದೊಡ್ಡಬೆಟ್ಟ. ಆ ಹೊತ್ತಿಗೆ ಕಣಿವೆ ತುಂಬ ಬಿಳಿ ಮಂಜು ನಿಂತಿತ್ತು. ಮರಗಳ ತುದಿ ಮಾತ್ರ ಅಲ್ಲಲ್ಲಿ ಮೇಲೆ ಕಾಣುತ್ತಿತ್ತು. ಸುಮ್ಮನೆ ನೋಡುತ್ತಿದ್ದರೆ ದ್ವೀಪಗಳೇ.

“ಐವತ್ತೊಂದು ವರ್ಷ ಆಯ್ತು ಸರೋಜಾ. ಈ ರೂಮಿನ ಬೆಡ್‌ಶೀಟ್ ಬದ್ಲಾಯ್ಸಿದೀನಿ, ಒಂದಿನ ಮಲಗಿರ್ನಿಲ್ಲ” ಅಂದರು.

ನನ್ನೊಳಗಿನ ಅಂಕಣಗಾರ್ತಿ ಥಟ್ಟನೆ ಎದ್ದು ಕೂತಳು. ಆಹಾ, ಎಂಥ ಮುಕ್ತಾಯ! ಸಮುದ್ರ ಹುಡುಕಿಕೊಂಡು ಹೊರಟವರಿಗೆ ಅದು ಮನೆಯ ಕಿಟಕಿಯಲ್ಲೇ ಸಿಕ್ಕಿತು. “ನೋಡಿ ಅತ್ತೆ, ಇದೂ ಸಮುದ್ರದ ಥರಾನೇ ಇದೆ” ಅಂದೆ.

ಅತ್ತೆ ನನ್ನನ್ನು ಒಂದು ಥರ ನೋಡಿದರು. “ಚೆಂದಾಗದೆ ಕನವ್ವ. ಆದ್ರೆ ಇದು ಸಮುದ್ರ ಅಲ್ಲ. ಕಾಲು ಸೇದ್ತಾ ಅದೆ, ಒಸಿ ಬಿಸ್ನೀರ್ ಚೀಲ ತತ್ತಾ.”

ಮುಕ್ತಾಯ ಹೋಯಿತು. ನನಗೆ ನಾಚಿಕೆಯೂ ಆಯಿತು.

ಬಿಸಿನೀರಿನ ಚೀಲ ತರುವಷ್ಟರಲ್ಲಿ ನಮ್ಮವರೂ ಅಲ್ಲಿಗೆ ಬಂದಿದ್ದರು. ಅತ್ತೆ ಅವರನ್ನೇ ಕೇಳಿದರು. “ಹಡಗು ಮತ್ತೆ ಯಾವಾಗ ಬುಡ್ತಾರಂತೆ?”

“ಮಳೆ ನಿಂತ ಮೇಲೆ ಅವ್ವಾ. ಅಕ್ಟೋಬರ್ ಅಂದ್ಕೋ.”

“ಹಂಗಾದ್ರೆ ಅಕ್ಟೋಬರ್.”

“ಅವ್ವಾ! ದಸರಾ ರಜೆ! ಸೆಕೆಂಡ್ ಸೀಸನ್! ಎಂಟು ರೂಮೂ ಫುಲ್ ಇರುತ್ತೆ.”

“ಮತ್ತೆ ಯಾವಾಗ?”

ನಮ್ಮವರು ಬೆರಳು ಮಡಿಸಿದರು. ನವೆಂಬರ್ ದೀಪಾವಳಿ ಪಾರ್ಟಿ. ಡಿಸೆಂಬರ್ ಕ್ರಿಸ್‌ಮಸ್ ಪಾರ್ಟಿ. ಜನವರಿ ಪೊಂಗಲ್ ಪಾರ್ಟಿ. ಫೆಬ್ರವರಿ ಖಾಲಿ, ಆದರೆ ಸುಣ್ಣ ಬಣ್ಣ, ಪೈಪ್ ರಿಪೇರಿ ಎಲ್ಲ ಆಗಲೇ ಆಗಬೇಕು, ಎದುರಿಗೆ ನಿಲ್ಲದಿದ್ದರೆ ಕೆಲಸದವರು ಮುಗಿಸುವುದಿಲ್ಲ. ಮಾರ್ಚಿನಿಂದ ಬುಕಿಂಗ್. ಬೆರಳು ಮುಗಿದವು. “ಸೀಸನ್‌ನಲ್ಲಿ ಬೀಗ ಹಾಕೋಕಾಗುತ್ತಾ? ಅಪ್ಪ ಹೋದ ದಿನಾನೇ ನಾವು ಮುಚ್ಚಲಿಲ್ಲ” ಅಂದರು.

ಅಂದ ಮೇಲೆ ಅವರಿಗೇ ಅನ್ನಬಾರದಿತ್ತು ಅನ್ನಿಸಿತು.

ಮಾವ ಹೋದದ್ದು ಮೇ ತಿಂಗಳಲ್ಲಿ. ಎಂಟು ರೂಮೂ ಫುಲ್. ಪಾರ್ಟಿಗಳಿಗೆ ತೊಂದರೆಯಾಗಬಾರದು ಅಂತ ಹಿಂದಿನ ಗೇಟಿನಿಂದ ಎತ್ತಿಕೊಂಡು ಹೋದರು. ನಾವು ಅಳುವುದನ್ನೂ ಮೆತ್ತಗೆ ಅತ್ತೆವು. ಅವತ್ತು ಬೆಳಿಗ್ಗೆ ಐದನೇ ನಂಬರಿನವರು ಇನ್ನೊಂದು ಬಕೆಟ್ ಬಿಸಿನೀರು ಕೇಳಿದರು. ಕಾಯಿಸಿ ಕೊಟ್ಟದ್ದು ಅತ್ತೆಯೇ. ನನ್ನ ಕಣ್ಣಾರೆ ನೋಡಿದ್ದೇನೆ.

ಅತ್ತೆ ಕಿಟಕಿಯ ಕಡೆಯೇ ನೋಡುತ್ತಾ ಹೇಳಿದರು. “ಅವತ್ತು ಮುಚ್ಬೇಕಾಗಿತ್ತು ಕನಪ್ಪಾ.”

ನಮ್ಮವರು ತಲೆ ತಗ್ಗಿಸಿ ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ರಿಜಿಸ್ಟರ್ ತೆಗೆದು, ಅಕ್ಟೋಬರಿನ ಏಳು ದಿನಕ್ಕೆ ಅಡ್ಡಡ್ಡ ಗೆರೆ ಎಳೆದರು. ಗೆರೆ ಸೊಟ್ಟಗಿದೆ, ಇರಲಿ.

ಆದರೆ ಊಟಿಯಲ್ಲಿ ಇದು ಅಷ್ಟು ಸುಲಭವೇ? ನಮ್ಮ ಬೀದಿಯಲ್ಲಿ ಸುದ್ದಿ ಹಬ್ಬಿತು. ಪಕ್ಕದ ಚಾಕೊಲೇಟ್ ಅಂಗಡಿಯವರು ಬಂದು, ಅತ್ತೆಗೆ ಹುಷಾರಿಲ್ಲವಾ ಅಂತ ಕೇಳಿದರು. ಹುಷಾರಿಲ್ಲದಿದ್ದರೆ ಮುಚ್ಚಬಹುದು, ಖುಷಿಗೆ ಮುಚ್ಚಬಾರದು ಅನ್ನುವುದು ಯಾವ ನ್ಯಾಯ? ಇಡೀ ಊರೇ ಬೇರೆಯವರ ರಜೆ ತಿಂದುಕೊಂಡು ಬದುಕುತ್ತದೆ. ನಮಗೂ ಒಂದು ರಜೆ ಬೇಕು ಅಂದರೆ ಎಲ್ಲರೂ ಹಣೆ ಮುಟ್ಟಿ ಜ್ವರ ನೋಡುತ್ತಾರೆ!

ನಿನ್ನೆ ಬೆಂಗಳೂರಿನಿಂದ ಫೋನ್ ಬಂತು. ಹನ್ನೊಂದು ವರ್ಷದಿಂದ ದಸರಾಕ್ಕೆ ಬಂದು ನಾಲ್ಕನೇ ನಂಬರಿನಲ್ಲೇ ಇಳಿದುಕೊಳ್ಳುವ ಪಾರ್ಟಿ. ಒಳ್ಳೆಯವರು. ನಾನು ಹೆದರಿಕೊಂಡು “ರೂಮ್ ಖಾಲಿ ಇಲ್ಲ ಸಾರ್” ಅಂದೆ. ಮಣೆ ಮೇಲೆ ಕೂತಿದ್ದ ಅತ್ತೆ ಅಲ್ಲಿಂದಲೇ ಗದರಿದರು. “ಸುಳ್ಳು ಯಾಕ್ ಯೋಳೀಯೇ? ಟೂರಿಗೆ ಹೊಂಟಿದ್ದೀವಿ ಅನ್ನು.”

ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ ಪಾಪ. “ಅಲ್ಲಮ್ಮಾ, ನೀವೇ ಟೂರಿಗೆ ಹೋಗಿಬಿಟ್ಟರೆ ನಾವೆಲ್ಲಿಗೆ ಹೋಗೋದು?” ಅಂದರು.

ಫೋನಿನ ಬಾಯಿಗೆ ಕೈ ಮುಚ್ಚಿ ಅತ್ತೆಯ ಕಡೆ ನೋಡಿದೆ. ಅವರು ಆಗಲೇ ಮಣೆ ಬಿಟ್ಟೆದ್ದು, ಕಾಲುಚೀಲ ಬಿಚ್ಚಿಟ್ಟು, ಆರು ನಂಬರಿನ ಎಡಗಾಲು, ಏಳು ನಂಬರಿನ ಬಲಗಾಲು ಹವಾಯಿ ಚಪ್ಪಲಿ ಹಾಕಿಕೊಂಡು, ತಣ್ಣಗಿನ ಸಿಮೆಂಟ್ ನೆಲದ ಮೇಲೆ ನಡೆದು ಅಭ್ಯಾಸ ಮಾಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ಜೂನ್‌ನಲ್ಲಿ ಬರಾಕ್ ಯೋಳು. ನಾಲ್ಕನೇ ನಂಬರ್ ಖಾಲಿ ಇರ್ತದೆ, ನಾನೇ ಮಲಗಿ ನೋಡಿವ್ನಿ.”