ಆಟಿಯ ಮೊದಲು ಮಾಡಿಸಿದ ಕಣ್ಣು

ನಮ್ಮ ಅಮ್ಮನಿಗೆ ಒಂದು ನಂಬಿಕೆ. ಒಳ್ಳೆಯ ಕೆಲಸ ಆಗುವ ಮೊದಲು ಬಾಯಿ ಬಿಟ್ಟರೆ ಅದು ಕೆಡುತ್ತದೆ. ಹೊಸ ಸ್ಕೂಟರ್ ಅಂಗಳಕ್ಕೆ ಬಂದು ನಿಂತ ಮೇಲೆಯೇ ಅದನ್ನು ಬುಕ್ ಮಾಡಿದ್ದು ನಮಗೆ ಗೊತ್ತಾದದ್ದು. ಅಣ್ಣನ ಮದುವೆ ನಿಶ್ಚಯದ ಸುದ್ದಿ ಅವಳ ಸ್ವಂತ ತಂಗಿಗೂ ಹಿಂದಿನ ದಿನವಷ್ಟೇ ಸಿಕ್ಕಿತ್ತು. ಅಂಥವಳ ಮುಂದೆ ನಾನು ವಾಯುಸೇನೆಯಲ್ಲಿ ಪೈಲಟ್ ಆಗುತ್ತೇನೆ ಅಂದೆ. ಅವಳು ಮೊದಲು ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

"ಅಪ್ಪನಿಗೆ ಹೇಳುವ. ಬೇರೆ ಯಾರಿಗೂ ಬೇಡ. ಬೇಲಿಯ ಆಚೆಯವರಿಗಂತೂ ಬೇಡವೇ ಬೇಡ."

ಬೇಲಿಯ ಆಚೆ ಇದ್ದವರು ಅದೇ ವಾಯುಸೇನೆಯಲ್ಲಿ ದುಡಿದು, ನಿವೃತ್ತರಾಗಿ ಮಂಡೆಕೋಲಿಗೆ ಮರಳಿದವರು. ಸಂಬಂಧ ಇಲ್ಲದಿದ್ದರೂ ನಾನು ಮಾವ ಎಂದೇ ಕರೆಯುತ್ತಿದ್ದೆ. ಒಳ್ಳೆಯ ಮನುಷ್ಯ. ಆದರೆ ಬೆಳಿಗ್ಗೆ ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಸುಳ್ಯ ಪೇಟೆಗೆ ಮುಟ್ಟುತ್ತಿತ್ತು.

ನನ್ನ ಕನ್ನಡಕದ ಪವರಿಗೆ ಪೈಲಟ್ ಕೆಲಸ ಸಿಗುವಂತಿರಲಿಲ್ಲ. ಕಣ್ಣಿಗೆ ಲೇಸರ್ ಮಾಡಿಸಿದರೆ ಆಗುತ್ತದೆ, ಆದರೆ ಮಾಡಿಸಿ ಒಂದು ವರ್ಷ ಕಳೆದಿರಬೇಕು ಎಂದು ಒಂದು ವಿಡಿಯೋದಲ್ಲಿ ಕೇಳಿದ್ದೆ. ಹಾಗಾದರೆ ತಡ ಮಾಡುವುದು ಬೇಡ ಎಂದು ಅಮ್ಮ ಕ್ಯಾಲೆಂಡರ್ ನೋಡಿದಳು. ಆಟಿ ತಿಂಗಳು ಹತ್ತಿರ ಬಂದಿತ್ತು. ಆಟಿಯಲ್ಲಿ ನಮ್ಮ ಕಡೆ ಶುಭಕಾರ್ಯ ಇಲ್ಲ. ಮಗಳ ಕಣ್ಣಿಗೆ ಕೈ ಹಾಕಿಸುವುದುಂಟೇ? "ಆಟಿಯ ಮೊದಲೇ ಮುಗಿಸುವ" ಅಂದಳು. ನನಗೆ ಆಗ ಹತ್ತೊಂಬತ್ತು. ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಇಪ್ಪತ್ತು ತುಂಬುವುದಿತ್ತು.

ಪುತ್ತೂರು ದಾಟಿ ಮಂಗಳೂರಿಗೆ ಹೋದೆವು. ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿ, "ಈಗಲೇ ಎಂತಕ್ಕೆ ಮಾಡಿಸುದು? ಯಾವುದಾದ್ರೂ ಕೆಲಸಕ್ಕಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಇಲ್ಲ ಡಾಕ್ಟ್ರೇ, ಮದುವೆಗೆ ನೋಡ್ತಾ ಇದ್ದೇವೆ" ಅಂದುಬಿಟ್ಟಳು! ನಾನು ಬೆಪ್ಪಾಗಿ ಅವಳ ಮುಖ ನೋಡಿದೆ.

"ಎಂತಮ್ಮಾ ನಿನ್ನದು?" ಎಂದು ಹೊರಗೆ ಬಂದು ರೇಗಿದೆ.

"ಸುಮ್ಮನಿರು ಮಾರಾಯ್ತಿ. ಒಳಗಿದ್ದ ನರ್ಸ್ ಸುಳ್ಯದವಳಾಗಿದ್ರೆ?"

ಲೇಸರ್ ಚೆನ್ನಾಗಿಯೇ ಆಯಿತು. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಗೋಡೆಯ ಗಡಿಯಾರ ಕಂಡಾಗ ಖುಷಿಯಲ್ಲಿ ಅತ್ತೇಬಿಟ್ಟೆ. ಕನ್ನಡಕ ಎಲ್ಲಿ ಎಂದು ಮಾವ ಬೇಲಿಯಿಂದ ಕೇಳಿದರೆ ಅಮ್ಮನದು ಅದೇ ಕತೆ, ಮದುವೆಗೆಂದು ಲೇಸರ್ ಮಾಡಿಸಿದ್ದು ಎಂದು. ಪಾಪ, ಅದನ್ನು ನಂಬಿ ಅವರು ಕೊಯಿಲದಿಂದ ಒಂದು ಸಂಬಂಧವನ್ನೂ ತಂದರು. ಅದನ್ನು ತಪ್ಪಿಸುವಷ್ಟರಲ್ಲಿ ನಮಗೆ ಸಾಕುಬೇಕಾಯಿತು.

ಡಿಗ್ರಿ ಮುಗಿಯಿತು. ವಾಯುಸೇನೆಯ ಪರೀಕ್ಷೆ ಪಾಸಾಯಿತು, ಸಂದರ್ಶನವೂ ಪಾಸಾಯಿತು. ಮೆಡಿಕಲ್ ಒಂದೇ ಬಾಕಿ. ಇನ್ನು ಹೇಳಬಹುದು ಎಂದು ಅಮ್ಮನಿಗೆ ಆಗ ಧೈರ್ಯ ಬಂತು. ಪಾಯಸ ಮಾಡಿ ಮಾವನನ್ನು ಕರೆದಳು.

"ಅಬ್ಬ! ನಮ್ಮ ಮಂಡೆಕೋಲಿನಿಂದ ಪೈಲಟಾ!" ಎಂದು ಅವರು ನನ್ನ ಬೆನ್ನು ತಟ್ಟಿದ ರಭಸಕ್ಕೆ ನಾನು ಮುಗ್ಗರಿಸಿದೆ. ಆಮೇಲೆ ಪಾಯಸ ಕುಡಿಯುತ್ತಾ, "ಅಲ್ಲ ಮಗಾ, ಆ ಲೇಸರ್ ಯಾವಾಗ ಮಾಡಿಸಿದ್ದು?" ಎಂದು ಕೇಳಿದರು.

"ಎರಡು ವರ್ಷ ಆಯ್ತು ಮಾವ. ಆಟಿಯ ಮೊದಲು."

"ಆಗ ಇಪ್ಪತ್ತು ತುಂಬಿತ್ತಲ್ಲ?"

"ಇಲ್ಲ. ಸೋಣಕ್ಕೆ ತುಂಬಿದ್ದು."

ಅವರು ಲೋಟ ಕೆಳಗಿಟ್ಟರು. "ಇಪ್ಪತ್ತರ ಒಳಗೆ ಮಾಡಿಸಿದ್ರೆ ಪೈಲಟ್‌ಗೆ ತೆಗೊಳ್ಳುದಿಲ್ಲ ಮಗಾ."

ಸುಳ್ಳಿರಬೇಕು, ಇವರದು ಹಳೆಯ ಕಾಲದ ನಿಯಮ ಇರಬೇಕು ಎಂದುಕೊಂಡು ಫೋನ್ ತೆಗೆದು ಹುಡುಕಿದೆ. ಉಂಟು! ಒಂದು ವರ್ಷ ಕಳೆದಿರಬೇಕು ಎಂಬ ಸಾಲಿನ ಹತ್ತಿರವೇ ಅದೂ ಉಂಟು. ಒಂದು ಆಟಿ ಕಾದಿದ್ದರೆ ಸಾಕಿತ್ತಲ್ಲ! ಆ ವಿಡಿಯೋದವನ ಮೇಲೆ, ಕ್ಯಾಲೆಂಡರಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾವ ಅಮ್ಮನ ಕಡೆ ತಿರುಗಿದರು. "ನನ್ನತ್ರ ಒಂದು ಮಾತು ಕೇಳ್ಬಾರದಿತ್ತಾ? ಇಲ್ಲೇ, ಬೇಲಿಯ ಆಚೆಯೇ ಇದ್ದೆನಲ್ಲ."

"ಹೇಳಿದ್ರೆ ಕೆಡ್ತದೆ ಅಂತ..." ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕುಳಿತಳು. ಅವಳನ್ನು ಬೈಯಲು ನನ್ನ ಬಾಯಲ್ಲಿ ಇದ್ದದ್ದೆಲ್ಲ ಅಲ್ಲಿಯೇ ನಿಂತಿತು.

ಆದರೂ ಮೆಡಿಕಲ್‌ಗೆ ಹೋದೆ. ಆಸೆ ಕೆಟ್ಟದು. ಪರೀಕ್ಷಿಸಿದ ಅಧಿಕಾರಿ, ನಿನ್ನ ಕಣ್ಣು ತುಂಬ ಚೆನ್ನಾಗಿದೆ ಎಂದರು. ಆಮೇಲೆ ಲೇಸರ್ ಮಾಡಿಸಿದ ದಿನ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಹುಟ್ಟಿದ ದಿನ ನೋಡಿ, ಪೆನ್ನು ಕೆಳಗಿಟ್ಟು, ಅನ್‌ಫಿಟ್ ಅಂದರು.

ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ಮಾವನಿಗೆ. ಮೊದಲ ರಿಂಗಿಗೇ ಎತ್ತಿದರು.

"ಆಗಲಿಲ್ಲ ಮಾವ."

ಅವರು ಮೆಲ್ಲಗೆ, "ನಾನು ಯಾರತ್ರವೂ ಹೇಳುದಿಲ್ಲ ಮಗಾ" ಅಂದರು.

"ಹೇಳಿ ಮಾವ" ಅಂದೆ. "ಸುಳ್ಯ ಪೇಟೆಗೆಲ್ಲ ಹೇಳಿ."