ಎರಡು ವಿಮಾನದ ಸಂಸಾರ

ನಮ್ಮ ಮನೆಯ ಸೀರೆ ಕೋಣೆಯ ಕೀಲಿಕೈಗೆ ಈಗ ಕಿತ್ತಳೆ ಬಣ್ಣದ ಒಂದು ಚರ್ಮದ ಪಟ್ಟಿ ನೇತಾಡುತ್ತಿದೆ. ಅದರ ಮೇಲೆ ಒಂದು ಹಡಗಿನ ಚಿತ್ರವೂ, ಕೆಳಗೆ ನನ್ನ ಹೆಂಡತಿಯ ಹೆಸರೂ ಇವೆ. ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ವಿಹಾರದ ಹಡಗು ನಡೆಸುವ ಕಂಪನಿಯವರು, ನಾವು ಮುಂಗಡ ಕಟ್ಟಿದೊಡನೆ, ಪೆಟ್ಟಿಗೆಗೆ ಕಟ್ಟಿಕೊಳ್ಳಿರೆಂದು ಪ್ರೀತಿಯಿಂದ ಕಳಿಸಿದ ಜೋಡಿ ಪಟ್ಟಿಗಳಲ್ಲಿ ಅದು ಒಂದು. ನನ್ನದನ್ನು, ಅದು ಬಂದ ದಿನವೇ, ನಾನು ಪೆಟ್ಟಿಗೆಗೆ ಬಿಗಿದು, ಬಂದವರಿಗೆಲ್ಲ ಕಾಣುವಂತೆ ಪಡಸಾಲೆಯಲ್ಲಿ ಇಟ್ಟೆ. ಅವಳು ತನ್ನದನ್ನು ಹಿಂದುಮುಂದು ತಿರುವಿ ನೋಡಿ, "ಚರ್ಮ ಗಟ್ಟಿ ಐತಿ" ಎಂದು ಕೀಲಿಕೈಗೆ ಕಟ್ಟಿದಳು. ನಾನು ನಕ್ಕೆ. ನಗುವ ಮುನ್ನ ಸ್ವಲ್ಪ ವಿಚಾರ ಮಾಡಬೇಕಿತ್ತು.

ಮೊದಲು ನಮ್ಮಿಬ್ಬರ ಪರಿಚಯ ಹೇಳಿಬಿಡುತ್ತೇನೆ. ನಾನು ಇಳಕಲ್ಲಿನವನು, ಹುನಗುಂದದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಡ್ಯಾನ್ಯೂಬ್ ಎಲ್ಲಿ ಹುಟ್ಟಿ, ಯಾವ ಯಾವ ರಾಜಧಾನಿಗಳ ಪಾದ ತೊಳೆದು, ಯಾವ ಸಮುದ್ರವನ್ನು ಸೇರುತ್ತದೆ ಎಂಬುದನ್ನು ನಕಾಶೆಯ ಮೇಲೆ ಕೋಲಾಡಿಸುತ್ತ ಇಡೀ ಸೇವಾವಧಿ ಹೇಳಿದವನು. ಹೇಳುವಾಗ ಅದರ ದಂಡೆಯ ಮೇಲೆಯೇ ನನ್ನ ಮನೆಯಿದೆಯೇನೋ ಎಂಬ ಧಾಟಿಯಲ್ಲಿ ಹೇಳಿದವನು. ಖರೆ ಹೇಳಬೇಕೆಂದರೆ, ಕೃಷ್ಣೆಯನ್ನು ದಾಟಿ ಆಚೆ ಹೋದದ್ದೇ ಬೆರಳೆಣಿಕೆಯ ಸಲ. ಹೆಂಡತಿ ನೀಲಮ್ಮ ಕೆರೂರಿನ ಮಗಳು. ಮನೆಯಲ್ಲೇ ಕುಳಿತು ಇಳಕಲ್ ಸೀರೆ ಮಾರುತ್ತಾಳೆ. ಫೋನಿನಲ್ಲಿ ಫೋಟೋ ಕಳಿಸಿ, ದರ ಕುದುರಿಸಿ, ನಾನು ಪಾಠದಲ್ಲಿ ಮಾತ್ರ ಕಂಡ ದೇಶಗಳಿಗೆ ಪಾರ್ಸೆಲ್ ಮಾಡುತ್ತಾಳೆ. ನದಿವಿಹಾರದ ಆಸೆ ನನ್ನದು, ರೊಕ್ಕ ಬಹುಪಾಲು ಅವಳದು. ಇಂಥ ಹಂಚಿಕೆ ಬೇರೆ ಸಂಸಾರಗಳಲ್ಲೂ ಉಂಟೆಂದು ಕೇಳಿದ್ದೇನೆ.

ಇನ್ನೊಂದು ಸಂಗತಿ ಹೇಳದೆ ಹೋದರೆ ಮುಂದಿನ ಕಥೆ ನಿಮಗೆ ಹತ್ತುವುದಿಲ್ಲ. ನಮ್ಮ ಮನೆತನಗಳಲ್ಲಿ ಹೆಣ್ಣುಮಕ್ಕಳು ತಾವಾಗಿ ಊರಿಗೆ ಹೋಗುವ ಪದ್ಧತಿಯೇ ಇರಲಿಲ್ಲ. ಅವರನ್ನು ಕರೆಯಲು ಬರುತ್ತಿದ್ದರು, ಕಳಿಸಲು ಹೋಗುತ್ತಿದ್ದರು. ಪಂಚಮಿ ಹತ್ತಿರವಾದಂತೆ ಕೆರೂರಿನಿಂದ ತಮ್ಮ ಬರುತ್ತಾನೆ, ಒಂದು ಹೊತ್ತು ಉಂಡು ಅಕ್ಕನನ್ನು ಕರೆದೊಯ್ಯುತ್ತಾನೆ. ಹಬ್ಬ ಮುಗಿದ ಮೇಲೆ ನಾನು ಹೋಗಿ ಕರೆತರುತ್ತೇನೆ. ಮದುವೆಯಿರಲಿ, ಬಾಣಂತನವಿರಲಿ, ಯಾರದೋ ಸಾವಿರಲಿ, ಈ ಕಟ್ಟಳೆ ತಪ್ಪಿದ್ದಿಲ್ಲ. ಇಳಕಲ್ಲಿನಿಂದ ಕೆರೂರಿಗೆ ಹೋಗಲು ಬಾಗಲಕೋಟೆಯಲ್ಲಿ ಬಸ್ಸು ಬದಲಿಸಬೇಕು. ಆ ಎರಡನೆಯ ಬಸ್ಸನ್ನು ಅವಳು ತಾನೇ ಹುಡುಕಿ ಹತ್ತಿದ್ದು ಒಮ್ಮೆಯೂ ಇಲ್ಲ. ಪಕ್ಕದಲ್ಲಿ ಯಾವಾಗಲೂ ಯಾರೋ ಒಬ್ಬ ಗಂಡಸು ಚೀಲ ಹಿಡಿದುಕೊಂಡು "ಬಾ, ಇದಽ ಬಸ್ಸು" ಎನ್ನುತ್ತಿದ್ದ. ಇದನ್ನು ನಾನು ಮರ್ಯಾದೆಯೆಂದೇ ತಿಳಿದಿದ್ದೆ. ಬಸವ ಜಯಂತಿಯ ವೇದಿಕೆಯ ಮೇಲೆ ಪ್ರತಿವರ್ಷ ಸ್ತ್ರೀ ಸಮಾನತೆಯ ಬಗ್ಗೆ ಮಾತನಾಡುವವನು ನಾನು; ಭಾಷಣ ಮುಗಿದ ಮೇಲೆ ಅವಳನ್ನು ಮನೆಗೆ ಕರೆತರುವವನೂ ನಾನೇ.

ಹಡಗಿನ ವ್ಯವಹಾರಕ್ಕೆ ನಾವು ಬಾಗಲಕೋಟೆಯ ನವನಗರಕ್ಕೆ ಹೋದೆವು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ರಫೀಕ ಪ್ರವಾಸದ ಏಜೆನ್ಸಿ ಇಟ್ಟಿದ್ದಾನೆ. ಅವನ ಅಪ್ಪನ ಕಾಲದಿಂದ ಯಾತ್ರೆಗೆ ಮಂದಿಯನ್ನು ಕಳಿಸಿದ ಮನೆ ಅದು. ಚಹಾ ತರಿಸಿ, ಅವನು ಬಿಡಿಸಿ ಹೇಳಿದ: "ಸರ, ಎರಡು ದಾರಿ ಅದಾವ್ರಿ. ವಿಮಾನದ ಟಿಕೀಟೂ ಹಡಗಿನ ಕಂಪನಿ ಕಡಿಂದಽ ತಗೊಂಡ್ರ, ವಿಮಾನ ತಡಾ ಆದ್ರ ಜವಾಬ್ದಾರಿ ಅವರದು. ಹಡಗು ಮುಂದ ಹೋಗಿದ್ರ ಮುಂದಿನ ಊರಿಗೆ ಒಯ್ದು ಹತ್ತಸ್ತಾರ. ನೀವಽ ತಗೊಂಡ್ರ ದಿನಾ ನಿಮಗ ಬೇಕಾದ್ದು, ದಾರಿ ನಿಮಗ ಬೇಕಾದ್ದು. ಆದ್ರ ತಪ್ಪಿತಂದ್ರ, ಹಡಗು ನಿಮ್ಮ ಸಲುವಾಗಿ ನಿಂದ್ರೂದಿಲ್ರಿ."

ಹಡಗು ನಿಲ್ಲುವುದಿಲ್ಲವೆಂದರೇನು? ನೀವೇ ಹೇಳಿ, ಕಮತಗಿಯಲ್ಲಿ ಅರ್ಧ ಕಪ್ಪು ಚಹಾ ಉಳಿದವನಿಗಾಗಿ ನಮ್ಮ ಬಸ್ಸು ನಿಲ್ಲುತ್ತದೆ. ಕಿಡಕಿಯಲ್ಲಿ ಟವೆಲ್ ಹಾಕಿ ಹೋದವನಿಗಾಗಿ ನಿಲ್ಲುತ್ತದೆ. ಅಷ್ಟು ದೊಡ್ಡ ಹಡಗಿಗೆ ಅಷ್ಟೂ ದಾಕ್ಷಿಣ್ಯವಿಲ್ಲವೇ? ನಾನು ಈ ಆಘಾತದಿಂದ ಚೇತರಿಸಿಕೊಳ್ಳುತ್ತಿದ್ದಾಗ ನೀಲಮ್ಮ ಕೇಳಿದಳು, "ಅಲ್ಲಿ ಇಳದ ಮ್ಯಾಲ ಹ್ಯಾಂಗ್ರಿ?"

"ಚಿಂತೀನಽ ಬ್ಯಾಡ್ರಿ ಅಕ್ಕಾರ. ನಿಮ್ಮ ಹೆಸರಿನ ಪಾಟಿ ಹಿಡಕೊಂಡು ಕಂಪನಿಯವ್ರು ಕರಿಯಾಕ ಬಂದಿರ್ತಾರ."

"ಅಲ್ಲೂ ಕರಿಯಾಕ ಬರ್ತಾರಾ?" ಎಂದಳು. ಅವಳಿಗೆ ನಿರಾಳವಾಯಿತೆಂದು ನಾನು ತಿಳಿದೆ. ಕಂಪನಿಯ ಟಿಕೀಟೇ ಇರಲಿ ಎಂದು ಇಬ್ಬರ ಪರವಾಗಿಯೂ ನಾನೇ ತೀರ್ಪು ಕೊಟ್ಟೆ. ಅವಳು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಒಪ್ಪಿಗೆ ಎಂಬುದು ನಮ್ಮ ಮನೆಯಲ್ಲಿ ಇತ್ಯರ್ಥವಾದ ವಿಷಯ.

ಪಟ್ಟಿಯನ್ನು ಕೀಲಿಕೈಗೆ ಕಟ್ಟಿದ ಕೆಲವು ದಿನಗಳಿಗೆ, ಒಂದು ಮುಂಜಾನೆ ನಾನು ರೊಟ್ಟಿ ಮುರಿಯುತ್ತಿದ್ದಾಗ, ಅವಳು ಫೋನನ್ನು ನನ್ನ ತಾಟಿನ ಪಕ್ಕದಲ್ಲಿ ಇಟ್ಟಳು. ಅದರಲ್ಲಿ ಒಂದು ವಿಮಾನದ ಟಿಕೀಟು. ಹುಬ್ಬಳ್ಳಿಯಿಂದ ಮುಂಬೈ, ಮುಂಬೈಯಿಂದ ಕೊಲ್ಲಿ ದೇಶದ ಒಂದು ಊರು, ಅಲ್ಲಿ ವಿಮಾನ ಬದಲಿಸಿ, ಹಡಗು ಹೊರಡುವ ಬುಡಾಪೆಸ್ಟ್. ಹೊರಡುವ ದಿನ ನನ್ನದಕ್ಕಿಂತ ಮೊದಲು. ಹೆಸರು ಒಂದೇ, ನೀಲಮ್ಮ.

"ಇದೇನಿದು?"

"ನನ್ನ ಟಿಕೀಟ್ರಿ. ವಿಮಾನದಾಗ ನನ್ನ ಹೆಸರು ಸೇರಿಸಬ್ಯಾಡಂತ ರಫೀಕಗ ಅವತ್ತಽ ಫೋನ್ ಮಾಡಿ ಹೇಳೇನಿ."

ನಾನು ಸಿಟ್ಟಿಗೇಳಲಿಲ್ಲ, ಸಿಟ್ಟಿಗೇಳಲು ಮೊದಲು ವಿಷಯ ತಲೆಗೆ ಹೋಗಬೇಕಲ್ಲ. ಜಗಳವಾಗಿದೆಯೇ? ಇಲ್ಲ. ದುಡ್ಡು ಉಳಿಯುತ್ತದೆಯೇ? ಅದೂ ಹೇಳಿಕೊಳ್ಳುವಂತಿಲ್ಲ. ತಲೆ ಕೆಟ್ಟಿದೆಯೇ ಎಂದು ಕೇಳಬೇಕೆಂದವನು, ಅವಳ ಮುಖ ನೋಡಿ, ಹೆದರಿಕೆಯಾಗುವುದಿಲ್ಲವೇ ಎಂದಷ್ಟೇ ಕೇಳಿದೆ.

"ಆಗ್ತೈತ್ರಿ. ಭಾಳ ಆಗ್ತೈತಿ" ಎಂದಳು. "ನಾ ದಿನಾ ಸೀರಿ ಪಾರ್ಸೆಲ್ ಮಾಡ್ತೇನಲ್ರಿ, ಇಲ್ಲಿಂದ ಹೊಂಟಿತು, ಅಲ್ಲಿ ಮುಟ್ಟಿತು ಅಂತ ಫೋನಿನ್ಯಾಗ ನೋಡ್ತೇನಿ. ನನ್ನೂ ಮಂದಿ ಹಂಗಽ ಕಳಿಸ್ಯಾರ. ಅಪ್ಪ ಕಳಿಸ್ಯಾನ, ತಮ್ಮ ಕಳಿಸ್ಯಾನ, ನೀವು ಕಳಿಸೀರಿ. ಸಾಯೂದ್ರಾಗ ಒಮ್ಮೆರ ನಾನಽ ಹೋಗಿ ಒಂದು ಊರು ಮುಟ್ಟಬೇಕು."

ಇಷ್ಟು ಉದ್ದದ ಮಾತನ್ನು ಅವಳು ಗಿರಾಕಿಗಳ ಜೊತೆ ಬಿಟ್ಟರೆ ಯಾರ ಜೊತೆಗೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಕೆರೂರಿನ ತಮ್ಮ ಫೋನು ಮಾಡಿ ನನ್ನ ಮೇಲೇ ಹರಿಹಾಯ್ದ: "ಏನ್ ಮಾವಾರ, ಅಕ್ಕನ್ನ ಒಬ್ಬಾಕಿನ್ನ ವಿಮಾನದಾಗ ಕಳಸ್ತೀರಂತಲ್ಲ?" ನಾನು ಕಳಿಸುತ್ತಿಲ್ಲ, ಅವಳೇ ಹೋಗುತ್ತಿದ್ದಾಳೆ ಎಂದು ಹೇಳಬೇಕಾಯಿತು. ಅಂಥ ವಾಕ್ಯವನ್ನು ನಾನು ಅದುವರೆಗೆ ಉಚ್ಚರಿಸಿರಲಿಲ್ಲವಾದ್ದರಿಂದ ಅದು ಬಾಯಲ್ಲಿ ಸರಿಯಾಗಿ ಕೂಡಲಿಲ್ಲ.

ಹೊರಟ ದಿನ ಅವಳು ನನ್ನನ್ನು ಬಸ್ ನಿಲ್ದಾಣಕ್ಕೂ ಬರಗೊಡಲಿಲ್ಲ. ಪೆಟ್ಟಿಗೆ ತಾನೇ ಎಳೆದುಕೊಂಡು, ಓಣಿಯ ತಿರುವಿನಲ್ಲಿ ಒಮ್ಮೆ ನಿಂತು, "ಬರ್ತೇನ್ರಿ" ಎಂದು ಹೋದಳು. ಮುಂಬೈಯಿಂದ ಒಂದು ಸಂದೇಶ ಬಂತು, ಆಮೇಲೆ ಇಲ್ಲ. ನಕಾಶೆ ಬಲ್ಲವನ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಅರಬ್ಬಿ ಸಮುದ್ರ ಎಷ್ಟು ಆಳ, ಮರುಭೂಮಿ ಎಷ್ಟು ಅಗಲ, ಯಾವ ಗಡಿಯಲ್ಲಿ ಯಾರಿಗೆ ಯಾರೊಂದಿಗೆ ಆಗಿಬರುವುದಿಲ್ಲ ಎಂಬುದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು, ಇಂಗ್ಲಿಷಿನಲ್ಲಿ ಸೀರೆಯ ದರವನ್ನಷ್ಟೇ ಹೇಳಬಲ್ಲ ನನ್ನ ಹೆಂಡತಿಯನ್ನು ಅವುಗಳ ನಡುವೆ ನಿಲ್ಲಿಸಿ ತೋರಿಸಿದವು. ನಾನು ಕಂಪನಿಯ ಟಿಕೀಟು ಹಿಡಿದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕುಳಿತಿದ್ದಾಗ ಫೋನು ಮಿಡಿಯಿತು. "ಮುಟ್ಟೇನಿ." ಅಷ್ಟೇ. ಪಕ್ಕದವರು ಯಾಕೆ ಅಳುತ್ತೀರೆಂದು ಕೇಳಿದರು, ನೆಗಡಿ ಎಂದೆ.

ಮುಂದಿನದು ನನ್ನ ಪಾಳಿ. ಜರ್ಮನಿಯ ಒಂದು ದೊಡ್ಡ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿದರು. ಹೊರಗೆ ಕಣ್ಣಿಗೆ ಕೈ ಕಾಣದ ಮಂಜು. ಮುಂದಿನ ವಿಮಾನ ರದ್ದಾಯಿತು. ರಫೀಕ ಹೇಳಿದ್ದಕ್ಕೆ ಒಂದಿನಿತೂ ಕುಂದಿಲ್ಲದಂತೆ ಕಂಪನಿಯವರು ನೋಡಿಕೊಂಡರು: ಉಳಿಯಲು ಕೋಣೆ, ಊಟ, "ಚಿಂತಿಸಬೇಡಿ" ಎಂಬ ಫೋನುಗಳು, ಎದೆಗೆ ಅಂಟಿಸಿಕೊಳ್ಳಲು ಕಿತ್ತಳೆ ಬಣ್ಣದ ಚೀಟಿ. ಚೀಟಿ ಅಂಟಿಸಿಕೊಂಡು ಸಾಲಿನಲ್ಲಿ ಕುಳಿತವನಿಗೆ ನೀಲಮ್ಮನ ಪಾರ್ಸೆಲ್ಲುಗಳ ನೆನಪಾಯಿತು. ಅಷ್ಟರಲ್ಲಿ ಅವಳ ಇನ್ನೊಂದು ಸಂದೇಶ: "ಹಡಗ ಬಿಟ್ಟೈತಿ. ನೀವೆಲ್ಲಿದ್ದೀರಿ?"

ಸಂಸಾರ ಹೂಡಿದಂದಿನಿಂದ ಈ ಪ್ರಶ್ನೆಯನ್ನು ಕೇಳುತ್ತ ಬಂದವನು ನಾನು. ಅದು ತಿರುಗಿ ನನ್ನ ಕಡೆಗೇ ಬಂದಾಗ "ಮಂಜು" ಎಂದು ಬರೆದೆ.

ಹಡಗು ಮುಂದೆ ನಿಲ್ಲುವ ವಿಯೆನ್ನಾದಲ್ಲಿ ಪಾಟಿ ಹಿಡಿದವನೊಬ್ಬ ನನ್ನನ್ನು ಕರೆಯಲು ಬಂದಿದ್ದ. ಪಾಟಿಯ ಮೇಲೆ ಇಬ್ಬರ ಹೆಸರೂ ಇತ್ತು. ಅಮ್ಮಾವರೆಲ್ಲಿ ಎಂಬಂತೆ ನನ್ನ ಹಿಂದೆ ಇಣುಕಿದ. ಮುಂದೆ ಹೋಗಿದ್ದಾಳೆಂದು ಕೈಸನ್ನೆ ಮಾಡಿದೆ. ಹಡಗು ಹತ್ತಿ ನಮ್ಮ ಕೋಣೆಯ ಬಾಗಿಲು ತೆರೆದರೆ, ಕಿಡಕಿಯ ಆಚೆ ನದಿ, ಈಚೆ ನೀಲಮ್ಮ, ಗಾಢ ನಿದ್ದೆಯಲ್ಲಿ. ಮಟಮಟ ಮಧ್ಯಾಹ್ನ. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ಕಂಡದ್ದು ದವಾಖಾನೆಯಲ್ಲಿ ಮಾತ್ರ. ಗಾಬರಿಯಿಂದ ಉಸಿರಾಟ ನೋಡಿದೆ. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಬೂಟು ಕೂಡ ಬಿಚ್ಚದೆ ಅವಳು ಏಳುವವರೆಗೆ ಕಾದು ಕುಳಿತೆ.

ಎದ್ದ ಮೇಲೆ ಹೇಳಿದಳು. ವಿಮಾನ ಬದಲಿಸುವ ಊರಿನಲ್ಲಿ ದಾರಿ ತಪ್ಪಿತಂತೆ. ಎಲ್ಲ ಕಡೆ ಒಂದೇ ಥರದ ಬಾಗಿಲು, ಒಂದೇ ಥರದ ಅಂಗಡಿ. ಫೋನು ಸತ್ತಿತ್ತು. "ಒಂದು ಕುರ್ಚಿ ಮ್ಯಾಲ ಕೂತು ಅತ್ತೆ ನೋಡ್ರಿ. ಸಣ್ಣ ಹುಡುಗ್ರು ಅತ್ತಂಗ ಅತ್ತೆ. ಯಾರರ ಬರ್ತಾರ ಅನ್ಕೊಂಡಿದ್ದೆ. ಯಾರೂ ಬರಲಿಲ್ಲ."

"ಛೆ," ಎಂದೆ.

"ಛೆ ಯಾಕ್ರಿ? ಅದಽ ಚಲೋ ಆತು. ಯಾರೂ ಬರೂದಿಲ್ಲ ಅಂತ ಖಾತ್ರಿ ಆದ ಮ್ಯಾಲ ಎದ್ದು ಮಾರಿ ತೊಳಕೊಂಡು ಕೇಳ್ತಾ ಹೋದೆ. ಸಿಕ್ಕಿತು." ಹೇಳುವಾಗ ಅವಳ ಮುಖದಲ್ಲಿದ್ದ ಕಳೆಯನ್ನು, ಮಗಳು ಹುಟ್ಟಿದ ದಿನವೂ ನಾನು ಕಂಡಿರಲಿಲ್ಲ. ಯಾರೂ ಬರದಿದ್ದದ್ದೇ ಒಳ್ಳೆಯದಾಯಿತು ಎಂದಳಲ್ಲ, ಆ 'ಯಾರೂ' ಎಂಬುದರಲ್ಲಿ ನಾನೂ ಇದ್ದೆ.

ಹಡಗು ಮೇಲ್ಮುಖವಾಗಿ ಸಾಗಿ, ಕೊನೆಗೆ ಮೂರು ನದಿಗಳು ಕೂಡುವ ಪಸ್ಸಾವ್ ಎಂಬ ಊರಿಗೆ ನಮ್ಮನ್ನು ತಂದಿತು. ಮೂರರ ನೀರೂ ಮೂರು ಬಣ್ಣ. ನಮ್ಮ ಕೂಡಲಸಂಗಮದಲ್ಲೂ ಅಷ್ಟೇ, ಮಲಪ್ರಭೆ ತನ್ನ ದಾರಿಯಲ್ಲಿ ತಾನು ಬಂದು ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ಅದನ್ನು ಕರೆಯಲು ಹೋದದ್ದಿಲ್ಲ. ಎಷ್ಟೋ ತರಗತಿಗಳಿಗೆ ಆ ಸಂಗಮದ ಚಿತ್ರ ಬರೆದು ತೋರಿಸಿದ್ದರೂ ಈ ಮಾತು ನನಗೆ ಹೊಳೆದಿರಲಿಲ್ಲ. ಹಡಗಿನ ಅಟ್ಟದ ಮೇಲೆ ನಿಂತು ಇದನ್ನೇ ಅವಳಿಗೆ ವಿವರಿಸಿ, ನಾಳೆ ಎಷ್ಟು ಹೊತ್ತಿಗೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು ಎಂದು ಮಾತು ತಿರುಗಿಸಿದೆ.

"ನಿಮ್ಮದು ನಾಳಿ. ನಂದು ಮುಂದಿನ ವಾರ" ಎಂದಳು.

ಅವಳ ಟಿಕೀಟಿನಲ್ಲಿ ಹೋಗುವ ದಿನವನ್ನು ನೋಡಿ ಬೆಚ್ಚಿಬಿದ್ದವನು ಬರುವ ದಿನವನ್ನು ನೋಡಿಯೇ ಇರಲಿಲ್ಲ. ಈ ಊರಿನಲ್ಲೇ ಒಂದು ಸಣ್ಣ ರೂಮು ಹಿಡಿದಿದ್ದಾಳಂತೆ. ಏನು ಮಾಡುತ್ತೀ ಎಂದರೆ, "ಏನೂ ಇಲ್ರಿ. ಕೂಡ್ತೇನಿ, ಅಡ್ಡಾಡ್ತೇನಿ."

ನಾನು ಕೆಳಗಿಳಿದು ಕಂಪನಿಯ ಹುಡುಗಿಯ ಹತ್ತಿರ ಹೋದೆ. ನನ್ನ ಟಿಕೀಟಿನ ದಿನ ಬದಲಿಸಬಹುದು, ಆದರೆ ಆಮೇಲೆ ನಿಮ್ಮ ಜವಾಬ್ದಾರಿ ನಮ್ಮದಲ್ಲ ಎಂದಳು. ಬೇಡ ಬಿಡಿ ನಿಮ್ಮ ಜವಾಬ್ದಾರಿ ಎಂದುಕೊಂಡು ಮೆಟ್ಟಿಲು ಹತ್ತಿ ಬಂದೆ. ಹತ್ತುವಾಗ ನನ್ನ ಧೈರ್ಯಕ್ಕೆ ನಾನೇ ಬೆರಗಾಗಿದ್ದೆ. ಅವಳ ಪಕ್ಕದಲ್ಲಿ ನಿಂತು, ನಿರ್ಧಾರ ತಿಳಿಸಲು ಬಾಯಿ ತೆರೆದವನು, ಯಾಕೋ ಕೇಳಿಬಿಟ್ಟೆ.

"ನಾನೂ ನಿನ್ನ ಜೋಡಿ ಉಳೀಲೇನು?"

ಅವಳು ನೀರು ನೋಡಿದಳು, ನನ್ನನ್ನು ನೋಡಿದಳು. ನಿಜವಾಗಿಯೂ ವಿಚಾರ ಮಾಡುತ್ತಿದ್ದಳು.

"ಬ್ಯಾಡ್ರಿ" ಎಂದಳು. ಕಠೋರವಾಗಿ ಅಲ್ಲ, ಮೆತ್ತಗೆ. "ನೀವು ಹೋಗ್ರಿ. ನಾ ಬರ್ತೇನಿ."

ಆಗಲಿ ಎನ್ನಲು ಹೋದೆ, ಬಾಯಿಗೆ ಬರಲಿಲ್ಲ. ಬೇಡ ಎನ್ನಿಸಿಕೊಂಡ ಮೇಲೆ ಏನನ್ನಬೇಕು, ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.